ಅಳಿವೆಯ ಪುಟ

ಹೊಳೆ ಕಡಲು ಸೇರುವ ಮುಂಚಿನ ಕೊನೆಯ ತಿರುವಿನಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಹರಿಹರಯ್ಯ ಎಂಬ ಗುರುಗಳಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ.

ಬೇರೆ ಗುರುಗಳು ಮಂತ್ರ ಕೊಡುತ್ತಾರೆ, ವಿಭೂತಿ ಕೊಡುತ್ತಾರೆ. ಇವರು ಒಂದು ಪುಸ್ತಕ ಬರೆಯುತ್ತಿದ್ದರು. ಅದು ಕಡಲ ಮಾತುಗಳ ಕೋಶ. ದೋಣಿಯವರು, ಬಲೆಯವರು, ಹೊಳೆದಂಡೆಯ ಬೇಸಾಯಗಾರರು ಆಡುವ ಒಂದೊಂದು ಮಾತಿಗೂ ಅದರಲ್ಲಿ ಒಂದು ಪುಟ. ಮೂವತ್ತೊಂದು ವರ್ಷವಾದರೂ ಅದು ಮುಗಿದಿರಲಿಲ್ಲ.

ಪುಟದ ಮೇಲೆ ಪದ. ಅದರ ಕೆಳಗೆ ಅರ್ಥ. ಅದರ ಕೆಳಗೆ ಬಳಕೆ. ಬಳಕೆಯ ವಿಷಯದಲ್ಲಿ ಗುರುಗಳದು ಬಲು ಕಟ್ಟುನಿಟ್ಟು. ಯಾರಾದರೂ ಬಾಯಿಬಿಟ್ಟು ಆಡಿದ ಮಾತೇ ಆಗಬೇಕು, ಆಡಿದವರ ಹೆಸರೂ ಇರಬೇಕು.

ಅವರಿಗೆ ತ್ರ್ಯಂಬಕ ಎಂಬ ಶಿಷ್ಯ. ಬಯಲುಸೀಮೆಯವನು. ಕಡಲನ್ನು ಕಂಡು ಎರಡು ವರ್ಷವಾಗಿತ್ತು, ಕಡಲಿನ ವಿಷಯ ಓದಲು ತೊಡಗಿ ಹನ್ನೆರಡು ವರ್ಷವಾಗಿತ್ತು. ಇವೆರಡರಲ್ಲಿ ಯಾವುದು ದೊಡ್ಡದು ಎಂಬ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಹಾಳೆಯೊಂದನ್ನು ಇಟ್ಟ.

“ಅಳಿವೆ ಎಂಬ ಪುಟದಲ್ಲಿ ಅರ್ಥ ಇತ್ತು, ಬಳಕೆ ಖಾಲಿ ಇತ್ತು. ತುಂಬಿಸಿದ್ದೇನೆ.”

“ಓದು.”

“ಅಳಿವೆಯಲ್ಲಿ ತಟಿನಿಯು ತನ್ನ ಪತಿಯಾದ ಸಾಗರನನ್ನು ಆಲಿಂಗಿಸುವಳು.”

“ಕಿವಿಗೆ ಇಂಪಾಗಿದೆ. ಯಾರು ಹೇಳಿದ್ದು?”

“ನಾನೇ.”

“ಯಾರಿಗೆ?”

ತ್ರ್ಯಂಬಕ ತಡವರಿಸಿದ. “ಯಾರಿಗೂ ಅಲ್ಲ. ಬರೆದದ್ದು.”

“ಇದನ್ನು ಕೇಳಿ ಯಾರಾದರೂ ದೋಣಿ ನೀರಿಗೆ ತಳ್ಳಿದರೇ? ತಳ್ಳಲು ಹೊರಟವರು ಹಿಂದೆ ಎಳೆದುಕೊಂಡರೇ?”

“ಇಲ್ಲ.”

“ಹಾಗಾದರೆ ಆ ಜಾಗ ಇನ್ನೂ ಖಾಲಿಯೇ ಇದೆ. ಹೋಗಿ ಕೇಳಿಕೊಂಡು ಬಾ.”

ತ್ರ್ಯಂಬಕನಿಗೆ ಮುಖಭಂಗವಾಯಿತು. “ಅರ್ಥ ಗೊತ್ತಿದ್ದ ಮೇಲೆ ಬಳಕೆ ತಾನಾಗಿ ಬರುವುದಿಲ್ಲವೇ ಗುರುಗಳೇ?”

ಗುರುಗಳು ಜಗಲಿಯ ಕೆಳಗಿದ್ದ ಅವನ ಚಪ್ಪಲಿ ತೋರಿಸಿದರು. ಅವನು ಮೆಟ್ಟಿಕೊಂಡು ಹೊರಟ.

ಆಗ ಮುಂಗಾರು ಹಿಡಿದು ಎಂಟು ದಿನವಾಗಿತ್ತು.

ಆ ಹೊಳೆಗೆ ಒಂದು ಗುಣವಿತ್ತು. ಬೇಸಿಗೆಯಲ್ಲಿ ಅದು ಸೊರಗುತ್ತಿತ್ತು. ಕಡಲು ಮರಳು ತಂದು ತಂದು ಅದರ ಬಾಯಿಗೆ ಒಡ್ಡು ಕಟ್ಟುತ್ತಿತ್ತು. ಮಳೆ ಬಂದಾಗ ಹೊಳೆಗೆ ಹೋಗಲು ದಾರಿ ಇಲ್ಲದೆ ನೀರು ಹಿಂದಕ್ಕೆ ಏರಿ ಗದ್ದೆಗೆ ನುಗ್ಗುತ್ತಿತ್ತು. ಆಗ ಊರಿನವರು ಹಾರೆ ಗುದ್ದಲಿ ಹಿಡಿದು ಮರಳಿನ ಒಡ್ಡನ್ನು ಕಡಿದು ದಾರಿ ಬಿಡಬೇಕು. ಇದಕ್ಕೆ ಅಳಿವೆ ಕಡಿಯುವುದು ಎನ್ನುತ್ತಿದ್ದರು. ವರ್ಷಕ್ಕೊಂದು ಸಲದ ಕೆಲಸ.

ಕಡಿಯುವ ಮುಂಚೆ ಎರಡು ಮನೆಗೆ ಹೋಗಿ ಕೇಳುವ ರೂಢಿ ಇತ್ತು. ಆಶ್ರಮಕ್ಕೆ ಬಂದು, ಕಡಲಿಗೆ ತೆಂಗಿನಕಾಯಿ ಒಡೆಯಲು ಒಳ್ಳೆಯ ಗಳಿಗೆ ಕೇಳುತ್ತಿದ್ದರು. ಬಚ್ಚ ಮರಕಾಲ ಎಂಬ ಮುದುಕನ ಮನೆಗೆ ಹೋಗಿ, ಹಾರೆ ಹಾಕುವ ಹೊತ್ತು ಕೇಳುತ್ತಿದ್ದರು. ಕಾಯಿ ಬೆಳಿಗ್ಗೆ ಒಡೆದರೂ ಹಾರೆ ಬೀಳುವುದು ಮಧ್ಯಾಹ್ನ ಆಗಬಹುದು. ಎರಡೂ ಬೇರೆ ಬೇರೆ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ.

ಆ ವರ್ಷ ಬಚ್ಚ ಮರಕಾಲ ಮಗಳ ಮನೆಗೆಂದು ದೂರದ ಬಂದರಿಗೆ ಹೋಗಿದ್ದ. ಹೇಳಿಕಳಿಸಿದರೂ ಬಂದಿರಲಿಲ್ಲ. ನೀರು ಗದ್ದೆಯ ಅಂಚಿಗೆ ಬಂದಿತ್ತು. ಬತ್ತದ ಸಸಿ ಇನ್ನೆರಡು ದಿನದಲ್ಲಿ ಕೊಳೆಯುವುದರಲ್ಲಿತ್ತು.

ಮರಳಿನ ಒಡ್ಡಿನ ಮೇಲೆ ಊರು ಸೇರಿತ್ತು. ತ್ರ್ಯಂಬಕ ಅಲ್ಲಿಗೆ ಬಂದದ್ದನ್ನು ಕಂಡು ಎಲ್ಲರಿಗೂ ಜೀವ ಬಂದಂತಾಯಿತು.

“ಆಶ್ರಮದ ಅಯ್ಯ ಬಂದ್ರು. ಅಯ್ಯಾ, ಒಳ್ಳೆ ಗಳಿಗೆ ಯಾವಾಗ ಉಂಟು? ನೋಡಿ ಹೇಳಿ.”

ಪಂಚಾಂಗ ಅವನಿಗೆ ಬಾಯಿಪಾಠ. ಬೆರಳು ಮಡಚಿ ಎಣಿಸಿದ. “ಇವತ್ತು ಪಾಡ್ಯ. ನಾಳೆ ಬಿದಿಗೆ. ಬೆಳಿಗ್ಗೆ ಹತ್ತಕ್ಕೆ ಬಹಳ ಒಳ್ಳೆಯ ಮುಹೂರ್ತ. ಕಾಯಿ ಒಡೆದು ಆ ಕೂಡಲೇ ಕಡಿಯಿರಿ. ಮೀರಬಾರದು.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಹೆಂಗಸು ಮುಂದೆ ಬಂದಳು. ಹೆಸರು ಅಕ್ಕಣಿ. ಗಂಡ ತೀರಿಹೋಗಿದ್ದ, ಮಗ ಬೇರೆ ಊರಿನ ಬಂದರಿನಲ್ಲಿ ದುಡಿಯುತ್ತಿದ್ದ, ಸೊಸೆ ಹೆತ್ತು ಹನ್ನೊಂದು ದಿನವಾಗಿತ್ತು. ಹೊಳೆಯಂಚಿನ ಎಲ್ಲರ ಗದ್ದೆಗಿಂತ ತಗ್ಗಿನಲ್ಲಿದ್ದ ಗದ್ದೆ ಅವಳದು. ಬಾವಿಯೂ ಅಲ್ಲೇ.

“ಹತ್ತಕ್ಕೆ ಬೇಡ ಅಯ್ಯಾ. ಬಿದಿಗೆ ದಿವಸ ಹತ್ತಕ್ಕೆ ನೀರು ಏರ್ತಾ ಇರ್ತದೆ. ಆಗ ಅಳಿವೆ ತೆಗೀಬೇಡಿ, ಕಡಲು ಒಳಗೆ ಬರ್ತದೆ. ಮಧ್ಯಾಹ್ನ ಕಳೀಲಿ.”

ಎಲ್ಲರ ಮುಂದೆ ಒಬ್ಬ ಓದುಬರಹ ಇಲ್ಲದ ಹೆಂಗಸು ಬೇಡ ಎಂದದ್ದು ತ್ರ್ಯಂಬಕನಿಗೆ ಚುಚ್ಚಿತು. ಓದಿದವರಿಗೆ ಬರುವ ಒಂದು ಕಾಯಿಲೆ ಇದೆ. ಗೊತ್ತಿಲ್ಲ ಎನ್ನುವ ಒಂದೇ ಒಂದು ಮಾತು ಬಾಯಿಗೆ ಬರುವುದಿಲ್ಲ.

“ಅಳಿವೆ ಎಂದರೆ ಏನಮ್ಮ? ಹೊಳೆ ಹೋಗಿ ಕಡಲು ಸೇರುವ ಜಾಗ. ಹೊಳೆ ಹೋಗುತ್ತದೆ, ಕಡಲು ಬರುವುದಿಲ್ಲ. ನಮ್ಮ ಗುರುಗಳ ಪುಸ್ತಕದಲ್ಲೇ ಹಾಗೆ ಬರೆದಿದೆ.”

ಗುರುಗಳ ಪುಸ್ತಕ ಎಂದ ಮೇಲೆ ಗುಜುಗುಜು ನಿಂತಿತು. ಕಡಲ ಮಾತುಗಳನ್ನೆಲ್ಲ ಆ ಪುಸ್ತಕಕ್ಕೆ ಕೊಟ್ಟವರು ಇವರೇ. ಕೊಟ್ಟವರಿಗೇ ಅದರ ಮೇಲೆ ಹೆಚ್ಚು ಭಕ್ತಿ.

“ಪುಸ್ತಕದಲ್ಲಿ ಉಂಟಂತೆ” ಎಂದ ಒಬ್ಬ.

“ಉಂಟಂತೆ” ಎಂದ ಇನ್ನೊಬ್ಬ.

ಅಕ್ಕಣಿ ಸ್ವಲ್ಪ ಹೊತ್ತು ಕಡಲನ್ನೇ ನೋಡಿದಳು. “ನನಗೆ ಓದ್ಲಿಕ್ಕೆ ಬರುದಿಲ್ಲ” ಎಂದು ಹಿಂದೆ ಸರಿದಳು.

ತ್ರ್ಯಂಬಕ ಇದನ್ನು ಗುರುಗಳಿಗೆ ಹೇಳಲಿಲ್ಲ. ಕೆಲಸ ಆದ ಮೇಲೆ ಒಂದು ಒಳ್ಳೆಯ ಬಳಕೆಯನ್ನೂ ಹಿಡಿದುಕೊಂಡು ಹೋಗಿ ಹೇಳೋಣ ಎಂದುಕೊಂಡ.

ಮರುದಿನ ಹತ್ತಕ್ಕೆ ಕಾಯಿ ಒಡೆಯಿತು. ನಲವತ್ತು ಜನ ಹಾರೆ ಹಾಕಿದರು. ಮಾರಗಲದ ಕಾಲುವೆ ತೆರೆಯಿತು. ಹೊಳೆಯ ಕೆಂಪು ನೀರು ಸಣ್ಣಗೆ ಕಡಲ ಕಡೆ ಹೊರಟಿತು. ಜನ ಹೋ ಎಂದರು. ತ್ರ್ಯಂಬಕ ಕೈಕಟ್ಟಿ ನಿಂತು ನೋಡಿದ.

ಸ್ವಲ್ಪ ಹೊತ್ತಿಗೆ ನೀರು ನಿಂತಿತು.

ಆಮೇಲೆ ತಿರುಗಿತು.

ಮೊದಲು ಒಂದು ತೆರೆ ಕಾಲುವೆಯೊಳಗೆ ಬಂದಿತು. ಅದರ ಹಿಂದೆ ಇನ್ನೊಂದು. ಎರಡೂ ಬದಿಯ ಮರಳು ಕುಸಿದು ಮಾರಗಲದ ಕಾಲುವೆ ಹತ್ತು ಮಾರಾಯಿತು. ಗಂಡಸರು ಬುಟ್ಟಿಬುಟ್ಟಿ ಮರಳು ತಂದು ಸುರಿದರು. ಸುರಿದದ್ದು ಸುರಿದ ಹಾಗೆ ಕೊಚ್ಚಿಹೋಯಿತು. ಮಧ್ಯಾಹ್ನದವರೆಗೆ ಕಡಲು ಒಳಗೆ ಬಂದೇ ಬಂದಿತು. ಅಕ್ಕಣಿಯ ಬತ್ತದ ಸಸಿ ಮುಳುಗಿತು. ಬಾವಿಯ ಕಟ್ಟೆ ಮುಳುಗಿತು.

ಆಮೇಲೆ ಇಳಿತ ಬಂದಿತು. ಕಡಲು ತನ್ನ ನೀರನ್ನೂ ಹೊಳೆಯ ನೀರನ್ನೂ ಎಳೆದುಕೊಂಡು ಹೋಯಿತು. ಉಳಿದವರ ಗದ್ದೆಯ ನೆರೆ ಇಳಿಯಿತು. ಅಕ್ಕಣಿಯ ತಗ್ಗಿನಲ್ಲಿ ಉಪ್ಪು ಉಳಿಯಿತು.

ಯಾರೂ ತ್ರ್ಯಂಬಕನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಕಣಿ ಬಾವಿಯಿಂದ ಒಂದು ಕೊಡ ಎತ್ತಿ, ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡಳು. ಉಗುಳಿದಳು.

“ಒಳಗೆ ಬಾಣಂತಿ ಇದ್ದಾಳೆ ಅಯ್ಯಾ” ಎಂದಳು. ಅಷ್ಟೇ ಹೇಳಿದ್ದು.

ತ್ರ್ಯಂಬಕ ಆಶ್ರಮಕ್ಕೆ ಬಂದು ಗುರುಗಳ ಮುಂದೆ ಕುಸಿದು ಕೂತ. ಏನನ್ನೂ ಮುಚ್ಚಿಡದೆ ಹೇಳಿದ.

ಗುರುಗಳು ಕೊನೆಯವರೆಗೂ ಕೇಳಿದರು.

“ಅಕ್ಕಣಿ ಏನೆಂದಳು? ಅವಳ ಮಾತಿನಲ್ಲೇ ಹೇಳು.”

“‘ಆಗ ಅಳಿವೆ ತೆಗೀಬೇಡಿ, ಕಡಲು ಒಳಗೆ ಬರ್ತದೆ.’”

“ಬಳಕೆ ಕೇಳಿಕೊಂಡು ಬಾ ಎಂದು ಕಳಿಸಿದ್ದೆ. ಕೇಳಿದೆಯಲ್ಲ.”

ತ್ರ್ಯಂಬಕನ ಕಣ್ಣು ತುಂಬಿತು.

ಗುರುಗಳು ಒಳಗಿನಿಂದ ಕೋಶ ತಂದು ಆ ಪುಟ ತೆರೆದರು. “ಅರ್ಥ ಓದು.”

“ಹೊಳೆ ಹೋಗಿ ಕಡಲು ಸೇರುವ ಜಾಗ.”

“ಅಕ್ಷರ ಯಾರದು?”

“ನಿಮ್ಮದು.”

“ಮೊದಲನೆಯ ವರ್ಷ ಬರೆದದ್ದು. ಆಗ ನಾನು ಆ ಮರಳಿನ ಮೇಲೆ ಕಾಲಿಟ್ಟೂ ಇರಲಿಲ್ಲ. ಯಾವುದೋ ಪುಸ್ತಕ ನೋಡಿ ಇಳಿಸಿದೆ. ಮೂವತ್ತೊಂದು ವರ್ಷ ಅದರ ಮಗ್ಗುಲಲ್ಲೇ ಕೂತು ಉಂಡಿದ್ದೇನೆ. ಇದು ಸರಿಯೇ ಎಂದು ಒಬ್ಬರನ್ನೂ ಕೇಳಲಿಲ್ಲ.”

“ತಪ್ಪು ನನ್ನದು ಗುರುಗಳೇ.”

“ನಿನ್ನದು ಇದೆ. ಅದನ್ನು ನಿನಗೇ ಬಿಟ್ಟಿದ್ದೇನೆ. ನನ್ನದನ್ನು ನಾನು ನೋಡಿಕೊಳ್ಳುತ್ತೇನೆ.”

ಅವರು ಎದ್ದು ಅಡುಗೆಮನೆಯ ಮೂಲೆಯಿಂದ ಕಾವಡಿ ತಂದು ಅವನ ಮುಂದೆ ಇಟ್ಟರು.

“ದಿನಾ ನಮ್ಮ ಬಾವಿಯಿಂದ ಅವಳ ಮನೆಗೆ ಬೇಕಾದಷ್ಟು ನೀರು ಹೊರು. ಬರುವಾಗ ಅವಳ ಬಾವಿಯಿಂದ ಎರಡು ಕೊಡ ತಾ.”

“ಆ ಉಪ್ಪುನೀರು ಇಲ್ಲಿಗೇಕೆ?”

“ನನಗೆ ಬಾಯಾರಿಕೆ ಆಗುವುದಿಲ್ಲವೇ?”

ಗುರುಗಳು ತಮಾಷೆ ಮಾಡುತ್ತಿದ್ದಾರೆ ಎಂದು ಅವನು ತಿಳಿದ. ಮರುದಿನ ಅವರು ಆ ನೀರನ್ನೇ ತಂಬಿಗೆಗೆ ಬಗ್ಗಿಸಿಕೊಂಡು ಕುಡಿದರು.

ಗಂಜಿಯೂ ಆ ನೀರಿನಲ್ಲೇ ಆಯಿತು. ಬೇಳೆ ಬೇಯಲಿಲ್ಲ. ಗುರುಗಳು ಬೇಯದ ಬೇಳೆಯನ್ನು ಸದ್ದಿಲ್ಲದೆ ಅಗಿದು ತಿಂದರು. ತ್ರ್ಯಂಬಕ ಮೊದಲ ಎರಡು ದಿನ ಆಶ್ರಮದ ಬಾವಿಯ ಸಿಹಿನೀರು ಕುಡಿದ. ಮೂರನೆಯ ದಿನ ತಂಬಿಗೆಯನ್ನು ಬಾಯವರೆಗೆ ತಂದು ಕೆಳಗಿಟ್ಟ. ಆಮೇಲೆ ಅವನೂ ಆ ಕೊಡದ ನೀರನ್ನೇ ಕುಡಿಯತೊಡಗಿದ.

ಅಕ್ಕಣಿಗೆ ಇದೊಂದು ಒಗಟು.

“ನಮಗೆ ಒಳ್ಳೆ ನೀರು ತರ್ತೀರಿ, ಸರಿ. ಇಲ್ಲಿಂದ ಉಪ್ಪುನೀರು ತಕೊಂಡು ಹೋಗಿ ಎಂತ ಮಾಡ್ತೀರಿ ಅಯ್ಯಾ?”

“ಬಾವಿ ಖಾಲಿಯಾಗಲಿ ಅಂತ.”

“ದಿನಕ್ಕೆ ಎರಡು ಕೊಡ ಎತ್ತಿ ಬಾವಿ ಖಾಲಿ ಮಾಡುವ ಪುಣ್ಯಾತ್ಮ!” ಎಂದು ಅವಳು ಒಳಗೆ ಹೋದಳು. ಆ ಮನೆಯಲ್ಲಿ ಅಷ್ಟು ದಿನಕ್ಕೆ ಮೊದಲ ಸಲ ಯಾರೋ ನಕ್ಕದ್ದು ಅವನಿಗೆ ಕೇಳಿಸಿತು. ಬಾಣಂತಿ ಇರಬೇಕು.

ಹದಿನೈದು ದಿನ ಕಳೆಯಿತು. ಗುರುಗಳ ಪಾದ ಊದಿತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ಪಕ್ಕದೂರಿನ ವೈದ್ಯರು ಬಂದು ನಾಡಿ ಹಿಡಿದರು. “ಉಪ್ಪು ಬಾಯಿಗೆ ಹಾಕಬೇಡಿ. ಹಾಕಿದರೆ ಈ ಮಳೆಗಾಲ ದಾಟುವುದು ಕಷ್ಟ” ಎಂದು ಹೇಳಿ ಹೋದರು.

ತ್ರ್ಯಂಬಕ ಗುರುಗಳ ಪಾದ ಹಿಡಿದುಕೊಂಡ.

“ಸಾಕು ಗುರುಗಳೇ. ನಿಮ್ಮ ಪಾಲನ್ನೂ ನಾನೇ ಕುಡಿಯುತ್ತೇನೆ.”

“ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಮಗೆ ಎರಡೂ ಒಂದೇ ಕೊಡದಲ್ಲಿ ಸಿಕ್ಕಿದೆ. ಅನುಕೂಲವೇ ಆಯಿತು.”

“ನಗಿಸಬೇಡಿ. ನನಗೆ ಭಯವಾಗುತ್ತಿದೆ.”

“ಆ ಬಾಣಂತಿಗೂ ಆಗಿರಬೇಕು.”

ಮರುದಿನ ತ್ರ್ಯಂಬಕ ಒಂದು ಉಪಾಯ ಮಾಡಿದ. ಗುರುಗಳ ತಂಬಿಗೆಗೆ ಆಶ್ರಮದ ಬಾವಿಯ ನೀರನ್ನೇ ತುಂಬಿ ತಂದ.

ಗುರುಗಳು ಒಂದು ಗುಟುಕು ಕುಡಿದು ತಂಬಿಗೆ ಕೆಳಗಿಟ್ಟರು.

“ಗೊತ್ತಿಲ್ಲದ್ದನ್ನು ಗೊತ್ತು ಎಂದಿದ್ದಕ್ಕೆ ಒಂದು ಬಾವಿ ಹೋಯಿತು. ಈ ಸುಳ್ಳಿಗೆ ಕೊಡಲು ನಮ್ಮ ಹತ್ತಿರ ಇನ್ನೊಂದು ಬಾವಿ ಇದೆಯೇ?”

ಅವನು ತಂಬಿಗೆ ಎತ್ತಿಕೊಂಡು ಹೊರಗೆ ಬಂದ. ಮಳೆ ಸುರಿಯುತ್ತಿತ್ತು. ಕಾವಡಿ ಮುಟ್ಟದೆ ಬರಿಗೈಯಲ್ಲಿ ಅಕ್ಕಣಿಯ ಮನೆಗೆ ಓಡಿದ.

ಅವಳು ಸತ್ತ ಸಸಿಗಳನ್ನು ಕಿತ್ತು ಗದ್ದೆಯ ಬದುವಿಗೆ ಎಸೆಯುತ್ತಿದ್ದಳು.

“ಅಕ್ಕಣಮ್ಮಾ, ನಾನು ಸುಳ್ಳು ಹೇಳಿದ್ದೆ. ಆ ನೀರನ್ನು ಚೆಲ್ಲುತ್ತಿಲ್ಲ. ಗುರುಗಳು ಕುಡಿಯುತ್ತಿದ್ದಾರೆ. ಕಾಲು ಊದಿದೆ. ನನ್ನ ಮಾತು ಕೇಳುವುದಿಲ್ಲ. ಏನು ಮಾಡಬೇಕು ಎಂದು ನನಗೆ ಗೊತ್ತಿಲ್ಲ.”

ಆ ಮಾತು ಅವನ ಬಾಯಿಂದ ಬಂದದ್ದು ಅವನಿಗೇ ತಿಳಿಯಲಿಲ್ಲ.

ಅಕ್ಕಣಿ ಕೈಯಲ್ಲಿದ್ದ ಸಸಿಯ ಕಟ್ಟನ್ನು ಕೆಸರಿಗೆ ಒಗೆದಳು. ಮಳೆಗೆ ಹೊದೆಯುವ ಎಲೆಯ ಗೊರಬನ್ನು ತಲೆಗೇರಿಸಿಕೊಂಡಳು. ಅವನು ಹಿಂದೆ ಬರುತ್ತಾನೋ ಇಲ್ಲವೋ ಎಂದೂ ನೋಡದೆ ಆಶ್ರಮದ ದಾರಿ ಹಿಡಿದಳು.

ಆ ಜಗಲಿಯನ್ನು ಅವಳು ಅದುವರೆಗೆ ಹತ್ತಿರಲಿಲ್ಲ. ಅಂದು ಕೆಸರುಕಾಲಲ್ಲೇ ಹತ್ತಿದಳು.

“ನನ್ನ ಬಾವಿ ನೀರು ನನ್ನನ್ನು ಕೇಳದೆ ಕುಡೀಲಿಕ್ಕೆ ನಿಮಗೆ ಯಾರು ಹೇಳಿದ್ದು?”

ಗುರುಗಳು ಚಾಪೆಯಿಂದ ಎದ್ದು ಕೂತರು. “ಯಾರೂ ಹೇಳಲಿಲ್ಲ ತಾಯಿ.”

“ನಾಳೆ ನಿಮಗೆ ಹೆಚ್ಚುಕಡಿಮೆ ಆದ್ರೆ ಊರು ಎಂತ ಹೇಳ್ತದೆ ಗೊತ್ತುಂಟಾ? ಅಕ್ಕಣಿ ಬಾವಿ ನೀರು ಕುಡಿದು ಗುರುಗಳು ಹೋದ್ರು ಅಂತ ಹೇಳ್ತದೆ. ಆಮೇಲೆ ಆ ಬಾವಿ ಸಕ್ಕರೆಯಾದ್ರೂ ಒಬ್ರು ಮುಟ್ಲಿಕ್ಕಿಲ್ಲ. ನನ್ನ ಮೊಮ್ಮಗಳು ದೊಡ್ಡವಳಾದ ಮೇಲೂ ಮುಟ್ಲಿಕ್ಕಿಲ್ಲ. ಉಪ್ಪು ಮಳೆಗೆ ತೊಳೆದು ಹೋಗ್ತದೆ, ಅದು ಹೋಗ್ತದಾ?”



“ಇದು ನನಗೆ ತೋಚಲೇ ಇಲ್ಲ” ಎಂದರು ಗುರುಗಳು.

“ನಿಮಗೂ ತೋಚುದಿಲ್ಲ, ನಿಮ್ಮ ಶಿಷ್ಯನಿಗೂ ತೋಚುದಿಲ್ಲ. ಗುರುವಿಗೆ ತಕ್ಕ ಶಿಷ್ಯ!”

ಗುರುಗಳು ತಲೆ ತಗ್ಗಿಸಿ ಕೈಮುಗಿದರು. ತ್ರ್ಯಂಬಕ ಅವರನ್ನು ಯಾರ ಮುಂದೆಯೂ ಹಾಗೆ ಕಂಡಿರಲಿಲ್ಲ. ಅವನಿಗೆ ತಡೆಯಲಾರದ ಸಂಕಟವಾಯಿತು.

“ಈಗ ನಾವು ಏನು ಮಾಡಬೇಕು ತಾಯಿ? ನೀನೇ ಹೇಳು.”

ಅಕ್ಕಣಿಯ ಸಿಟ್ಟು ಅಷ್ಟಕ್ಕೇ ಇಳಿಯಿತು. ಗೊರಬು ತೆಗೆದು ಗೋಡೆಗೆ ಒರಗಿಸಿದಳು.

“ಕುಡಿದ್ರೆ ಬಾವಿ ಸಿಹಿಯಾಗುದಿಲ್ಲ. ಎತ್ತಿ ಚೆಲ್ಲಬೇಕು. ತಳದ ಕೆಸರು ಕಾಣುವ ತನಕ ಎತ್ತಬೇಕು. ಆ ಕೆಸರನ್ನೂ ತೆಗೀಬೇಕು, ಉಪ್ಪು ಕೂತದ್ದು ಅದ್ರಲ್ಲೇ. ಮಳೆನೀರು ಇಳಿದು ತುಂಬಿದ ಮೇಲೆ ಮತ್ತೆ ಎತ್ತಬೇಕು. ಹಾಗೆ ಮೂರು ಸಲ. ಅದೂ ಹೊಳೆ ಇಳಿತದಲ್ಲಿ ಇರುವಾಗ್ಲೇ. ಏರಿನಲ್ಲಿ ಎತ್ತಿದ್ರೆ ಹೊಳೆಯ ಉಪ್ಪುನೀರೇ ಬಂದು ತುಂಬ್ತದೆ. ನನ್ನ ಮಗ ಊರಲ್ಲಿಲ್ಲ. ನನ್ನ ಒಬ್ಬಳ ಕೈಯಲ್ಲಿ ಆಗುದಲ್ಲ.”

“ಇವನನ್ನು ಕರೆದುಕೊಂಡು ಹೋಗು.”

“ಇವರು ಬಾವಿಗೆ ಇಳೀತಾರಾ?”

ತ್ರ್ಯಂಬಕ ಉಟ್ಟ ಪಂಚೆಯನ್ನು ಎತ್ತಿ ಕಚ್ಚೆ ಹಾಕಿದ.

ಹೊರಡುವಾಗ ಅಕ್ಕಣಿ ಗುರುಗಳ ಮಗ್ಗುಲಲ್ಲಿದ್ದ ಉಪ್ಪುನೀರಿನ ಕೊಡ ನೋಡಿದಳು. “ಇದನ್ನು ಚೆಲ್ಲಿ.”

“ಕುಡಿಯುವುದಿಲ್ಲ ತಾಯಿ. ನಿನ್ನಾಣೆ. ಆದರೆ ಚೆಲ್ಲುವುದೂ ಇಲ್ಲ.”

ಬಾವಿ ಎತ್ತುವ ಕೆಲಸಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು. ಮೊದಲು ತ್ರ್ಯಂಬಕ ಒಬ್ಬನೇ ಇದ್ದ. ಎರಡನೆಯ ದಿನ ಪಕ್ಕದ ಮನೆಯವರು ಬಂದರು. ಅಂದು “ಪುಸ್ತಕದಲ್ಲಿ ಉಂಟಂತೆ” ಎಂದಿದ್ದ ಇಬ್ಬರೂ ನಾಲ್ಕನೆಯ ದಿನ ಹಗ್ಗ ತೆಗೆದುಕೊಂಡು ಬಂದರು, ಯಾರ ಮುಖವನ್ನೂ ನೋಡಲಿಲ್ಲ. ಬಚ್ಚ ಮರಕಾಲ ಊರಿಗೆ ಮರಳಿದವನು ಬಾವಿಕಟ್ಟೆಯ ಮೇಲೆ ಕೂತು ಹೊತ್ತು ಹೇಳಿದ. ಅವನು ಹೇಳಿದ ಮೇಲೂ ಎಲ್ಲರೂ ಒಮ್ಮೆ ಅಕ್ಕಣಿಯ ಕಡೆ ನೋಡುತ್ತಿದ್ದರು. ಅವಳು ಹೂಂ ಎಂದ ಮೇಲೆಯೇ ಕೊಡ ಇಳಿಯುತ್ತಿತ್ತು.

ತ್ರ್ಯಂಬಕ ತಳದಲ್ಲಿ ನಿಂತು ಕೆಸರು ತುಂಬಿ ಕೊಡುತ್ತಿದ್ದ. ಅಂಗೈ ಒಡೆದು ಉಪ್ಪು ಉರಿಯುತ್ತಿತ್ತು. ಪ್ರತಿ ಸಲ ಹೊಸ ನೀರು ಬಂದಾಗ ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ಮೊದಲ ಸಲ ಉಪ್ಪು. ಎರಡನೆಯ ಸಲವೂ ಉಪ್ಪು, ಆದರೆ ಉಗುಳುವಷ್ಟಲ್ಲ.

ಮೂರನೆಯ ಸಲ ಅವನು ಕೊಡ ತುಂಬಿ ಮೇಲಕ್ಕೆ ಕಳಿಸಿದ.

ಅಕ್ಕಣಿ ಹೊರಗಿನ ಒಲೆಯಲ್ಲಿ ಆ ನೀರಿನಲ್ಲೇ ಬೇಳೆ ಬೇಯಲಿಟ್ಟಳು. ಮೇಲಿದ್ದವರೆಲ್ಲ ಒಲೆಯ ಸುತ್ತ ಕಾದರು. ಅವಳು ಒಂದು ಕಾಳನ್ನು ಬೆರಳ ನಡುವೆ ಹಿಡಿದು ಒತ್ತಿದಳು. ಅದು ಮೆತ್ತಗೆ ಒಡೆಯಿತು.

“ಆಯ್ತು” ಎಂದಳು. ಸೊಸೆ ಕೂಸನ್ನು ಎದೆಗವಚಿಕೊಂಡು ಹೊರಗೆ ಬಂದು, ಎಲ್ಲರ ಮುಂದೆ ಆ ಬಾವಿಯ ನೀರನ್ನು ಒಂದು ಲೋಟ ಕುಡಿದಳು. ಬಾವಿಯೊಳಗೆ ಎದೆಮಟ್ಟ ನೀರಿನಲ್ಲಿ ನಿಂತಿದ್ದ ತ್ರ್ಯಂಬಕ ಅಳುತ್ತಿದ್ದ. ಮೇಲಿನವರಿಗೆ ಅದು ಕಾಣಿಸಲಿಲ್ಲ.

ಸಸಿ ಮಾತ್ರ ಹೋದದ್ದು ಹೋಯಿತು. ನೆರೆಯವರು ತಮ್ಮಲ್ಲಿ ಉಳಿದ ಸಸಿ ಕೊಟ್ಟರು. ಅದು ಅಕ್ಕಣಿಯ ಅರ್ಧ ಗದ್ದೆಗೆ ಸಾಲುವಷ್ಟಿತ್ತು. ಉಳಿದ ಅರ್ಧ ಆ ವರ್ಷ ಬೀಳು ಬಿತ್ತು.

ಆ ಹೊತ್ತಿಗೆ ಗುರುಗಳ ಪಾದದ ಊತ ಇಳಿದಿತ್ತು. ಅವರು ತ್ರ್ಯಂಬಕನನ್ನು ಕರೆದು ಕೋಶ ತೆರೆದಿಟ್ಟರು. ಹೊರಗೆ ಮಳೆ ಹೊಯ್ಯುತ್ತಿತ್ತು.

“ಇವತ್ತು ಬರೆ.”

ಅವನಿಗೆ ಲೇಖನಿ ಮುಟ್ಟಲು ಕೈ ಬರಲಿಲ್ಲ. “ಹಳೆಯ ಅರ್ಥವನ್ನು ಹೊಡೆದುಹಾಕಲೇ?”

“ಹೊಡೆದುಹಾಕಿದರೆ ಅದನ್ನು ಬರೆದವರು ಯಾರೂ ಇಲ್ಲದ ಹಾಗಾಗುತ್ತದೆ. ಇರಲಿ. ಅದರ ಮುಂದೆ ನನ್ನ ಹೆಸರು ಬರೆ. ಅದನ್ನು ನಂಬಿ ಊರಿಗೆ ಹೇಳಿದವನ ಹೆಸರೂ ಬರೆ.”

“ಬಳಕೆ?”

“ಅಕ್ಕಣಿಯದು. ಅವಳು ಆಡಿದ ಹಾಗೆಯೇ ಬರೆ. ತಿದ್ದಬೇಡ.”

“ಅರ್ಥ ಏನೆಂದು ಬರೆಯಲಿ?”

“ಹಳೆಯದರ ಕೆಳಗೆ ಹೊಸ ಅರ್ಥದ ಜಾಗವನ್ನು ಖಾಲಿ ಬಿಡು. ಬೇಕಾದವರು ಮರಳಿನವರೆಗೆ ನಡೆದು ಹೋಗಿ ಕೇಳಲಿ.”

ತ್ರ್ಯಂಬಕ ಶಾಯಿಯ ಪುಡಿ ಕುಡಿಕೆಗೆ ಹಾಕಿಕೊಂಡು, ನೀರು ತರಲು ಬಾವಿಯ ಕಡೆ ಹೊರಟ.

“ಅಲ್ಲಿಂದ ಬೇಡ” ಎಂದರು ಗುರುಗಳು. ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಉಪ್ಪುನೀರಿನ ಕೊಡವನ್ನು ತೋರಿಸಿದರು. “ಅದರಲ್ಲಿ ಕಲಸು.”

ಅವನು ಕಲಸಿದ. ಲೇಖನಿ ಅದ್ದಿ ಮೊದಲು ಗುರುಗಳ ಹೆಸರು ಬರೆದ, ಆಮೇಲೆ ತನ್ನದು. ಅಕ್ಷರಗಳು ಹಸಿಹಸಿಯಾಗಿ ಹೊಳೆಯುತ್ತ ನಿಂತವು. ಊದಿದ. ಹಾಳೆಯನ್ನು ಒಲೆಯ ಹತ್ತಿರ ಹಿಡಿದ. ಬೆರಳಿಟ್ಟು ನೋಡಿದರೆ ಬೆರಳು ಕಪ್ಪಾಯಿತು.

“ಗುರುಗಳೇ, ಉಪ್ಪಿನ ಶಾಯಿ ಈ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಈ ಪುಟ ಮುಟ್ಟಿದವರ ಕೈಗೆಲ್ಲ ಹತ್ತುತ್ತದೆ.”

ಗುರುಗಳು ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡರು. ತಮ್ಮ ಹೆಸರಿನ ಮೇಲೆ ಅಂಗೈ ಒತ್ತಿದರು.

“ಮೂವತ್ತೊಂದು ವರ್ಷ ಬೇಗ ಒಣಗುವ ಶಾಯಿಯಲ್ಲೇ ಬರೆದೆ ಮಗು. ಇದು ಹತ್ತಲಿ.”